ಅರ್ಧ ವಕೀಲರು

ಸಾನಿಕಾ, ಅಥರ್ವ, ನೀವಿಬ್ಬರೂ ಮನೆಯಲ್ಲಿ ಕನ್ನಡ ಚೆನ್ನಾಗಿ ಆಡುತ್ತೀರಿ. ಓದುವಾಗ ಮಾತ್ರ ತಡವರಿಸುತ್ತೀರಿ. ಅದಕ್ಕೇ ಅಕ್ಷರಗಳನ್ನು ಬಿಡಿಬಿಡಿಯಾಗಿ, ದೊಡ್ಡದಾಗಿ ಬರೆಯುತ್ತಿದ್ದೇನೆ. ನಾನು ಕಲಿತದ್ದು ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ. ಆಮೇಲೆ ಬರೆದದ್ದೆಂದರೆ ಕಿರಾಣಿ ಚೀಟಿ, ತವರಿಗೆ ಒಂದೆರಡು ಕಾಗದ. ಅಜ್ಜಿ ಬಾಯಿಂದಲೇ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬಾಯಿಂದ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ತಿಂಗಳು ನಿಮ್ಮ ಅಜ್ಜನ ಹೆಸರಿಗೆ ಒಂದು ಕಾಗದ ಬಂತು. ಅಜ್ಜ ಹೋಗಿ ನಾಲ್ಕು ವರ್ಷವಾದದ್ದು ಬರೆದವರಿಗೆ ಗೊತ್ತಿರಲಿಲ್ಲ. ಕಾಗದ ದೇಶದ ಈಶಾನ್ಯ ಮೂಲೆಯ ಗುಡ್ಡಗಾಡಿನಿಂದ ಬಂದಿತ್ತು, ಇಂಗ್ಲಿಷಿನಲ್ಲಿತ್ತು. ನಿಮ್ಮ ಅಪ್ಪ ಓದಿ ಹೇಳಿದ. ಬಹಳ ವರ್ಷಗಳ ಹಿಂದೆ ನಮ್ಮ ಮೇಲಿನ ಖೋಲಿಯಲ್ಲಿ ಬಾಡಿಗೆಗಿದ್ದು ಕಾನೂನು ಓದುತ್ತಿದ್ದವರು ತೀರಿಹೋದರೆಂದು ಅವರ ಮಗಳು ಬರೆದಿದ್ದಳು. "ಪುಣೆಯಲ್ಲಿ ನನಗೊಬ್ಬ ವೈನಿ ಇದ್ದಾಳೆ, ರೊಟ್ಟಿ ಬಡಿಯುವುದನ್ನು ಕಲಿಸಿದವಳು ಎಂದು ಅಪ್ಪ ಯಾವಾಗಲೂ ಹೇಳುತ್ತಿದ್ದರು. ಆ ತಾಯಿಗೆ ನನ್ನ ನಮಸ್ಕಾರ" ಎಂದಿತ್ತು. ವೈನಿ ಅಂದರೆ ಅತ್ತಿಗೆ, ಅವರು ನನ್ನನ್ನು ಹಾಗೇ ಕರೆಯುತ್ತಿದ್ದರು. ಇನ್ನೊಂದು ಮಾತನ್ನು ಅವರು ಮಗಳಿಗೆ ಹೇಳಿರಲೇ ಇಲ್ಲ. ನಾನು ಎದ್ದು ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ಪಾತ್ರೆ ತಿಕ್ಕುತ್ತಾ ನಿಂತೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರಿಗೆ ನನ್ನಿಂದ ಆಗುವಷ್ಟು ಕೆಡುಕು ಆಗಿದೆ. ಆಗ ಮನೆಯಲ್ಲಿ ಎಲ್ಲರೂ ಅವರನ್ನು 'ಅಂವ' ಎನ್ನುತ್ತಿದ್ದೆವು. ಈಗ 'ಅವರು' ಎಂದು ಬರೆಯುತ್ತಿರುವುದು ಮುಂದೆ ದೊಡ್ಡ ಮನುಷ್ಯರಾದರೆಂದು ಅಲ್ಲ. ಮೊದಲಿನಿಂದಲೂ ಹಾಗೆಯೇ ಕರೆಯಬೇಕಾಗಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಿಮ್ಮ ಅಜ್ಜ ಮಾರ್ಕೆಟ್ ಯಾರ್ಡಿನ ಒಂದು ಬೆಲ್ಲದ ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಹತ್ತಿರದಲ್ಲಿ, ನಾಲ್ಕಾರು ಸಂಸಾರಗಳಿದ್ದ ಒಂದು ಹಳೆಯ ವಾಡೆಯಲ್ಲಿ ನಮಗೆ ಎರಡು ಖೋಲಿ, ಮೇಲೆ ತಗಡು ಹೊದಿಸಿದ ಇನ್ನೊಂದು ಖೋಲಿ ಇತ್ತು. ಒಂದು ಬೆಳಿಗ್ಗೆ ಶುಂಠಿಯ ಚೀಲಗಳ ಮುಂದೆ ಒಬ್ಬ ಗಿಡ್ಡ ಹುಡುಗ ಕುಕ್ಕುರುಗಾಲಲ್ಲಿ ಕೂತು, ಒಂದೊಂದೇ ಶುಂಠಿ ಮುರಿದು ಮೂಸಿ ನೋಡುತ್ತಿದ್ದನಂತೆ. ಹಮಾಲರು ಸುತ್ತ ನಿಂತು ನಗುತ್ತಿದ್ದರಂತೆ. "ಈ ಚೀಲ ನಮ್ಮ ಗುಡ್ಡದ್ದು. ಅಲ್ಲಿ ಇದನ್ನು ಕೇಳುವವರಿಲ್ಲ. ಇಲ್ಲಿಗೆ ಬಂದು ಇಷ್ಟು ತುಟ್ಟಿ ಹೇಗಾಯಿತು?" ಎಂದು ಆ ಹುಡುಗ, ಅಂದರೆ ಅವರು, ಅಜ್ಜನನ್ನು ಹಿಂದಿಯಲ್ಲಿ ಕೇಳಿದರಂತೆ. ಅಜ್ಜನಿಗೆ ಆ ಪ್ರಶ್ನೆ ಹಿಡಿಸಿತು. ಊರಿನ ಕ್ಯಾಂಪ್ ಭಾಗದಲ್ಲಿ ಮೂರು ನಾಲ್ಕು ಮನೆಯವರು ಅವರ ಮುಖ ನೋಡಿಯೇ ಖೋಲಿ ಇಲ್ಲವೆಂದಿದ್ದರು. ಅಜ್ಜ ಮನೆಗೆ ಕರೆದುಕೊಂಡು ಬಂದರು.

ನಿಮ್ಮ ಮುತ್ತಜ್ಜಿ, ಅಂದರೆ ನನ್ನ ಅತ್ತೆ, ಬಾಗಿಲಲ್ಲೇ ಕರಾರು ಹಾಕಿದರು. ಮಾಂಸ ಬೇಯಿಸಬಾರದು. ನೀರಿನ ಕೊಡ ಬೇರೆ ಇರಬೇಕು. ಹೊರಗಿನ ಖೋಲಿಯವರೆಗೆ ಬರಬಹುದು, ಅಡುಗೆಮನೆಯ ಹೊಸ್ತಿಲು ಮುಟ್ಟಬಾರದು. ಅಜ್ಜ ಮುಖ ತಗ್ಗಿಸಿಕೊಂಡು ಇದನ್ನೆಲ್ಲ ಹಿಂದಿಯಲ್ಲಿ ಹೇಳಿದರು. ಅವರು ಜೇಬಿನಿಂದ ಪೆನ್ನು ತೆಗೆದು, "ಬರೆದುಕೊಳ್ಳಲೇ? ಕಾನೂನು ಓದುವವನು ನಾನು, ಬರೆದಿದ್ದನ್ನು ಮೀರುವುದಿಲ್ಲ" ಎಂದರು. ಚೇಷ್ಟೆಯೋ ನಿಜವೋ ತಿಳಿಯಲಿಲ್ಲ. ಅವರ ಎಷ್ಟೋ ಮಾತುಗಳು ಹಾಗೆಯೇ ಇರುತ್ತಿದ್ದವು.

ಕನ್ನಡವನ್ನು ಅವರು ಕಲಿತದ್ದು ನಿಮ್ಮ ಅಪ್ಪ ಮತ್ತು ಸೋದರತ್ತೆಯಿಂದ. ಅವನಿಗೆ ಆಗ ಐದು ವರ್ಷ, ಅವಳಿಗೆ ಮೂರು. ಮಕ್ಕಳು ಮುತ್ತಜ್ಜಿಯನ್ನು ಮುದ್ದಿನಿಂದ ಮುದಕಿ ಎನ್ನುತ್ತಿದ್ದವು. ಒಂದು ದಿನ ಅವರು ಮೆಟ್ಟಿಲಿಳಿದು ಬಂದು ಬಹಳ ವಿನಯದಿಂದ, "ಏ ಮುದಕಿ, ನೀ ಉಂಡಿ?" ಎಂದು ಕೇಳಿಯೇಬಿಟ್ಟರು.

"ನೋಡು, ನೋಡು, ನನಗ ಮುದಕಿ ಅಂತಾನ!" ಎಂದು ಮುತ್ತಜ್ಜಿ ಕೂಗಾಡಿದರು. ನಾನು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದೆ. ಆದರೆ ಅವರು ದಿನವೂ ಕೇಳುವುದನ್ನು ಬಿಡಲಿಲ್ಲ. ಆರು ತಿಂಗಳಲ್ಲಿ ಮುತ್ತಜ್ಜಿ, "ಉಂಡೆಪಾ ಬಾಳಾ, ನೀ ಉಂಡಿ ಏನು?" ಎನ್ನತೊಡಗಿದ್ದರು. ಹೊಸ್ತಿಲಿನ ಕರಾರು ಮಾತ್ರ ಹಾಗೆಯೇ ಇತ್ತು. ರೊಟ್ಟಿ ಬಡಿಯುವುದನ್ನೂ ಅವರು ಹೊಸ್ತಿಲಾಚೆ ಕೂತು, ನನ್ನ ಕೈ ನೋಡಿಯೇ ಕಲಿತರು.

ಕುರ್ಚಿ ಕೊಟ್ಟರೂ ಅವರು ಕುಕ್ಕುರುಗಾಲಲ್ಲೇ ಕೂರುತ್ತಿದ್ದರು. ಕೈ ಖಾಲಿ ಇರುತ್ತಿರಲಿಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ಬಿಸಾಡಿದ ಪ್ಲಾಸ್ಟಿಕ್ ಪಟ್ಟಿ ತಂದು ಬುಟ್ಟಿ ಹೆಣೆಯುತ್ತಿದ್ದರು. ಯಾರಾದರೂ ಮಾತಾಡಿದರೆ ತಲೆಯನ್ನು ಒಂದು ಕಡೆ ವಾಲಿಸಿ, ಅವರ ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ಕಾಯುತ್ತಿದ್ದರು, ಇನ್ನೂ ಏನಾದರೂ ಉಳಿದಿದೆಯೇನೋ ಎಂಬಂತೆ.

ಒಮ್ಮೆ ವಾಡೆಯ ನಲ್ಲಿಯ ಹತ್ತಿರ ಇಬ್ಬರು ಹೆಂಗಸರು ಕೊಡ ಹಿಡಿದು ಜಗಳಕ್ಕೆ ನಿಂತರು. ಅವರು ಆ ಇಬ್ಬರ ನಡುವೆ ಹೋಗಿ ಕುಕ್ಕುರು ಕೂತು, ತಮ್ಮ ಗುಡ್ಡದ ಹಿರಿಯರ ಪದ್ಧತಿಯೊಂದನ್ನು ಹೇಳಿದರು. ಮೊದಲು ನೀನು ಅವಳ ದೂರನ್ನು ಅವಳ ಪರವಾಗಿ ಹೇಳಬೇಕು. ಹೌದು, ಇದೇ ನನ್ನ ಮಾತು ಎಂದು ಅವಳು ಒಪ್ಪಿದ ಮೇಲೆಯೇ ನಿನ್ನ ದೂರು. ಇಬ್ಬರೂ ಒಬ್ಬರ ಮಾತು ಒಬ್ಬರು ಹೇಳಲು ಹೋಗಿ ಎರಡು ಮೂರು ಸಲ ತಪ್ಪಿ, ಕೊನೆಗೆ ನಗುತ್ತಾ ಕೊಡ ಎತ್ತಿಕೊಂಡು ಹೋದರು. "ಎಲ್ಲಾ ಜಗಳಾನೂ ಹಿಂಗ ಮುಗೀತಾವ ಏನು?" ಎಂದು ಅಜ್ಜ ಕೇಳಿದರು. "ಇಲ್ಲರೀ ಅಣ್ಣಾರ, ಒಂದೊಂದು ಮೂರು ತಲೆಮಾರು ನಡೀತಾವ. ಆದ್ರ ಹೊಡೆದಾಟ ಆಗೂದಿಲ್ಲ. ಬಾಯಿ ದಣೀತಾವ."

ಆ ಗುಡ್ಡಗಳ ಬುಡಕಟ್ಟಿನ ಜನರಿಗೆ ತಮ್ಮದೇ ಒಂದು ಸ್ವಾಯತ್ತ ಪರಿಷತ್ತು ಇದೆ. ಅವರು ಅದನ್ನು ಕೌನ್ಸಿಲ್ ಎನ್ನುತ್ತಿದ್ದರು. ನಮ್ಮ ಜಿಲ್ಲಾ ಪರಿಷತ್ತಿನ ಹಾಗೇನು ಎಂದು ಅಜ್ಜ ಕೇಳಿದರೆ, "ಅದಕ್ಕಿಂತ ದೊಡ್ಡದ್ರಿ. ಹೊಲ ಯಾರದು, ಅಡವಿ ಯಾರದು, ಗಂಡ ಹೆಂಡತಿ ನ್ಯಾಯ ಯಾರು ಮಾಡಬೇಕು, ಎಲ್ಲಾ ನಮ್ಮ ಕೌನ್ಸಿಲ್‌ದಾಗ" ಎನ್ನುತ್ತಿದ್ದರು. ಅಲ್ಲಿ ಆರಿಸಿ ಬರಬೇಕೆಂಬುದು ಅವರ ಆಸೆ. ಗುಡ್ಡದ ಕಾನೂನು ಹಿರಿಯರ ಬಾಯಲ್ಲಿದೆ, ಸರಕಾರದ ಕಾನೂನು ಕಾಗದದಲ್ಲಿದೆ. ಎರಡನ್ನೂ ಬಲ್ಲವನೊಬ್ಬ ಬೇಕೆಂದು ಅವರ ಹಳ್ಳಿಗಳವರು ಸೇರಿ ಹಣ ಹಾಕಿ ಕಳಿಸಿದ್ದರು. ವಕೀಲನಾಗದೆ ಮರಳಿದರೆ ಹಳ್ಳಿಯವರ ಮುಂದೆ ಹೇಗೆ ನಿಲ್ಲಲಿ ಎಂದು ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಹೇಳುತ್ತಿದ್ದರು.

ಈಗ ಬರೆಯಬೇಕಾದದ್ದಕ್ಕೆ ಬಂದೆ. ಅಥರ್ವ, ನೀನು ಗಂಡುಹುಡುಗ, ಆದರೂ ಓದು.

ಅವರ ಕೊನೆಯ ವರ್ಷದ ಪರೀಕ್ಷೆ ನಡೆದಿತ್ತು. ಮಂಗಳವಾರ ಕೊನೆಯ ಪೇಪರು. ಅದರ ಹಿಂದಿನ ಶನಿವಾರ ಶಿರೂರಿನಲ್ಲಿ ನಮ್ಮ ಸಂಬಂಧಿಕರ ಮನೆಯಲ್ಲಿ ಮದುವೆ ನಿಶ್ಚಯ. ಅಜ್ಜ ಮತ್ತು ಮುತ್ತಜ್ಜಿ ಹೋದರು. ನಾನು ಹೋಗುವಂತಿರಲಿಲ್ಲ, ಹೊರಗೆ ಕೂತಿದ್ದೆ. ತಿಂಗಳಿಗೆ ಮೂರು ದಿನ ಹೆಂಗಸರು ಅಡುಗೆಮನೆಗೆ ಹೋಗದೆ, ಏನನ್ನೂ ಮುಟ್ಟದೆ, ಒಂದು ಕಂಬಳಿಯ ಮೇಲೆ ಬೇರೆ ಕೂರುತ್ತಿದ್ದೆವು. ನಮ್ಮಲ್ಲಿ ಆಗ ಅದು ಬಹಳ ಕಟ್ಟುನಿಟ್ಟು. ಮಕ್ಕಳಿಗೆ ಊಟ ಕೊಡುತ್ತೇನೆಂದು ಪಕ್ಕದ ಮನೆಯ ಮರಾಠಿ ಕಾಕು ಒಪ್ಪಿಕೊಂಡಿದ್ದರು. ಮಧ್ಯಾಹ್ನ ಕೊಟ್ಟರು. ಸಂಜೆ ವಾಡೆಯ ಉಳಿದ ಹೆಂಗಸರ ಜೊತೆ ಅರಿಶಿನ ಕುಂಕುಮಕ್ಕೆ ಹೋದವರು ಅಲ್ಲೇ ಕೂತುಬಿಟ್ಟರು. ದೀಪ ಹಚ್ಚುವ ಹೊತ್ತಿಗೆ ನಿಮ್ಮ ಸೋದರತ್ತೆ ಹಸಿವಿನಿಂದ ಅಳಲು ಹಿಡಿದಳು. ಅಡುಗೆಮನೆ ಹತ್ತು ಹೆಜ್ಜೆ ದೂರದಲ್ಲಿತ್ತು. ನಾನು ಕಂಬಳಿ ಬಿಟ್ಟು ಏಳಲಿಲ್ಲ.

ಅಳು ಕೇಳಿ ಅವರು ಮೇಲಿನಿಂದ ಇಳಿದು ಬಂದರು. ಕಂಬಳಿ ನೋಡಿದರು, ಅಳುವ ಕೂಸನ್ನು ನೋಡಿದರು. ಮೂರು ವರ್ಷ ನಮ್ಮ ಮನೆಯಲ್ಲಿದ್ದವರು, ಅರ್ಥ ಮಾಡಿಕೊಂಡರು. ನನಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು.

"ವೈನಿ, ಒಳಗ ಹೋಗಾಕ ನಿಮಗೂ ಪರವಾನಿಗಿ ಇಲ್ಲ, ನನಗೂ ಇಲ್ಲ," ಎಂದರು. "ಹಂಗಾದ್ರ ಇವತ್ತ ನಾವಿಬ್ರೂ ಒಂದ ಜಾತಿ ಆದ್ವಿ, ಅಲ್ರಿ?"

ನನಗೆ ನಗು ಬಂತು. ಆ ನಗುವಿನಲ್ಲೇ, "ನೀವ ಒಂದೀಟು ಅನ್ನಕ್ಕ ಇಡ್ತೀರೇನು?" ಎಂದೆ. ನಾನೇ ಕೇಳಿದ್ದು. ಅವರಾಗಿ ಹೋದದ್ದಲ್ಲ, ಇದು ನೆನಪಿರಲಿ.

ಯಾರೂ ಹೇಳದಿದ್ದರೂ ಅವರು ನಲ್ಲಿಯ ಕೆಳಗೆ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಬಂದರು. ಹೊಸ್ತಿಲ ಹತ್ತಿರ ನಿಂತು, "ದೇವರ ಜಗಲಿ ಯಾವ ಕಡೆ ಅದ್ರಿ? ಆ ಕಡೆ ಬೆನ್ನ ಮಾಡೂದಿಲ್ಲ" ಎಂದರು. ಅಷ್ಟು ಸಣ್ಣ ಅಡುಗೆಮನೆಯಲ್ಲಿ ಬೆನ್ನು ತಿರುಗಿಸದೆ ಅಡ್ಡಡ್ಡ ಏಡಿಯಂತೆ ಓಡಾಡುತ್ತಾ ಅನ್ನ ಬೇಯಿಸಿದರು. ನಾನು ಹೊರಗಿನಿಂದ, "ಎಡಗಡೆ ಡಬ್ಬಿ, ಅಲ್ಲಲ್ಲ, ಅದು ರವಾ" ಎಂದು ಕೂಗಿ ಹೇಳುತ್ತಿದ್ದೆ. ತಮ್ಮ ಕಡೆಯ ಪದ್ಧತಿಯಂತೆ ಅಕ್ಕಿಯ ಜೊತೆಗೇ ಬಟಾಟೆ, ಮೆಂತ್ಯದ ಸೊಪ್ಪು, ಉಪ್ಪು ಹಾಕಿದ್ದರು. ಮಕ್ಕಳು ತಟ್ಟೆ ನೆಕ್ಕಿದವು. ನನಗೂ ದೂರದಿಂದ ಬಡಿಸಿದರು. ಆಮೇಲೆ ನಿಮ್ಮ ಅಪ್ಪನಿಗೆ ಪಾಟಿಯ ಮೇಲೆ ಲೆಕ್ಕ ಹೇಳಿಕೊಟ್ಟು, ಪಾತ್ರೆ ತೊಳೆದಿಟ್ಟು, ಮಕ್ಕಳು ಮಲಗಿದ ಮೇಲೆ ಮೇಲೆ ಹೋದರು. ದೀಪ ಹಚ್ಚುವ ಹೊತ್ತಿನಿಂದ ಅಲ್ಲಿಯವರೆಗೆ ಅವರು ನನ್ನ ಕಣ್ಣ ಮುಂದೆಯೇ ಇದ್ದರು.

ಅದೇ ಸಂಜೆ, ಅದೇ ಹೊತ್ತಿನಲ್ಲಿ, ಕ್ಯಾಂಪಿನ ಒಂದು ಹೋಟೆಲಿನ ಹೊರಗೆ ಹೊಡೆದಾಟವಾಗಿ ಒಬ್ಬನ ತಲೆ ಒಡೆದಿತ್ತು. ಹೊಡೆದವನು ಗುಡ್ಡಗಾಡಿನ ಮುಖದವನು ಎಂದು ಯಾರೋ ಹೇಳಿದ್ದರು. ಭಾನುವಾರ ಗೆಳೆಯನಿಂದ ಪುಸ್ತಕ ತರಲು ಕ್ಯಾಂಪಿಗೆ ಹೋದ ಇವರನ್ನು ಪೊಲೀಸರು ಹಿಡಿದರು.

ಸೋಮವಾರ ಬೆಳಿಗ್ಗೆ ನಾನು ತಲೆಗೆ ಎರೆದುಕೊಂಡು ಆಗಷ್ಟೇ ಒಳಗೆ ಬಂದಿದ್ದೆ. ಅಜ್ಜ ಮತ್ತು ಮುತ್ತಜ್ಜಿ ಶಿರೂರಿನಿಂದ ಮರಳಿದ್ದರು, ಅಜ್ಜ ಕೆಲಸಕ್ಕೆ ಹೋಗಿದ್ದರು. ವಾಡೆಯ ಬಾಗಿಲಿಗೆ ಜೀಪು ಬಂತು. ಅದರಲ್ಲಿ ಅವರನ್ನು ಕೂರಿಸಿದ್ದರು. ಶನಿವಾರ ಸಂಜೆ ಮನೆಯಲ್ಲೇ ಇದ್ದೆ, ಬೇಕಾದರೆ ವೈನಿಯನ್ನು ಕೇಳಿ ಎಂದಿದ್ದರಂತೆ. ಅಡುಗೆಮನೆಯ ಮಾತನ್ನು ಆಡಿರಲಿಲ್ಲ. ಹವಾಲ್ದಾರ ಮರಾಠಿಯಲ್ಲಿ, ಶನಿವಾರ ಸಂಜೆ ಇವನು ಮನೆಯಲ್ಲಿದ್ದನೇ ಎಂದು ನನ್ನನ್ನು ಕೇಳಿದ. ಪಡಸಾಲೆಯ ಕಟಕಟೆ ಹಿಡಿದು ವಾಡೆಯ ಎಲ್ಲ ಹೆಂಗಸರೂ ನಿಂತಿದ್ದರು. ಬೆನ್ನ ಹಿಂದೆ ಮುತ್ತಜ್ಜಿ.

"ಮಲಾ ಮಾಹೀತ ನಾಹೀ," ಎಂದೆ. ನನಗೆ ಗೊತ್ತಿಲ್ಲ ಎಂದೆ.

ಪಕ್ಕದಲ್ಲಿದ್ದ ನಿಮ್ಮ ಅಪ್ಪ ಗಟ್ಟಿಯಾಗಿ, "ಹೋತಾ! ಕಾಕಾನಿ ಆಮ್ಹಾಲಾ..." ಎಂದು ಶುರು ಮಾಡಿದ. ಇದ್ದರು, ಕಾಕಾ ನಮಗೆ ಅನ್ನ ಮಾಡಿ ಹಾಕಿದರು ಎಂದು ಹೇಳಲು ಹೊರಟಿದ್ದ. ನಾನು ಅವನ ಬಾಯಿಯ ಮೇಲೆ ಅಂಗೈ ಇಟ್ಟೆ. ಅವನು ಕೊಸರಿದ. ಇನ್ನೊಂದು ಕೈಯಿಂದ ತಲೆ ಹಿಡಿದು ಹೊಟ್ಟೆಗೆ ಒತ್ತಿಕೊಂಡೆ. ಹುಡುಗ ಏನನ್ನುತ್ತಾನೆ ಎಂದು ಹವಾಲ್ದಾರ ಒಂದು ಹೆಜ್ಜೆ ಮುಂದೆ ಬಂದ. ಆಗ ಜೀಪಿನಿಂದ ಅವರೇ ಹಿಂದಿಯಲ್ಲಿ, "ಸಾಹೇಬರೇ, ಮಗುವನ್ನು ಬಿಡಿ, ಹೆದರಿದೆ" ಎಂದರು.

ಜೀಪು ಹೋಯಿತು.

ಯಾಕೆ ಹಾಗೆ ಮಾಡಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇದ್ದರು ಎಂದರೆ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಗಂಡನಿಲ್ಲದ ಮನೆ, ನಾನು ಹೊರಗೆ ಕೂತವಳು, ಅವರು ದೇವರಿರುವ ಅಡುಗೆಮನೆಯಲ್ಲಿ. ಮುತ್ತಜ್ಜಿ ಪಾತ್ರೆಯನ್ನೆಲ್ಲ ಬೀದಿಗೆ ಎಸೆದು ನನ್ನನ್ನು ತವರಿಗೆ ಕಳಿಸುತ್ತಾರೆ ಎಂದು ಹೆದರಿದೆ. ಮೇಲಿನ ಖೋಲಿಯಲ್ಲಿದ್ದರು, ದೀಪ ಉರಿಯುತ್ತಿತ್ತು ಎಂದಷ್ಟೇ ಹೇಳಿದ್ದರೂ ಸಾಕಿತ್ತು. ಅದು ಹೊಳೆದದ್ದು ಜೀಪು ಹೋದ ಮೇಲೆ. ಹೊಳೆದ ಮೇಲಾದರೂ ಪೊಲೀಸ್ ಚೌಕಿಗೆ ಹೋಗಬಹುದಿತ್ತು. ಹೋಗಲಿಲ್ಲ. ರೊಟ್ಟಿ ಬಡಿದೆ.

ಬುಧವಾರ ಅವರ ಕಾಲೇಜಿನ ಒಬ್ಬ ಮಾಸ್ತರರು ಜಾಮೀನು ಕೊಟ್ಟು ಬಿಡಿಸಿದರು. ಅಷ್ಟರಲ್ಲಿ ಪೇಪರು ಮುಗಿದಿತ್ತು. ತಿಂಗಳಾದ ಮೇಲೆ ತಲೆ ಒಡೆಸಿಕೊಂಡವನೇ, ಹೊಡೆದವನು ಇವನಲ್ಲ ಎಂದ. ಕೇಸು ಹೋಯಿತು, ಆದರೆ ವರ್ಷ ಮರಳಿ ಬರಲಿಲ್ಲ. ಇನ್ನೊಂದು ವರ್ಷ ಅವರನ್ನು ಪುಣೆಯಲ್ಲಿ ಇರಿಸುವ ಶಕ್ತಿ ಅವರ ಹಳ್ಳಿಗಳಿಗೆ ಇರಲಿಲ್ಲ. ಹೊರಡುವ ದಿನ ಮುತ್ತಜ್ಜಿಯೇ ಸೆರಗಿನಿಂದ ಕಣ್ಣು ಒರೆಸಿಕೊಂಡು ಚಕ್ಕುಲಿ ಕಟ್ಟಿಕೊಟ್ಟರು. ನಾನು ಒಳಗಿನಿಂದ ಬರಲಿಲ್ಲ. "ವೈನಿ, ಬರ್ತೀನ್ರಿ" ಎಂದು ಅವರು ಎರಡು ಸಲ ಕೂಗಿದರು.

ಅಲ್ಲಿಂದ ಮುಂದಿನ ಕಥೆ ನನಗೆ ಗೊತ್ತಿರುವುದು ಅವರ ಕಾಗದಗಳಿಂದ. ವರ್ಷಕ್ಕೆ ಒಂದು, ದೀಪಾವಳಿಯ ಸುಮಾರಿಗೆ, ಹಿಂದಿಯಲ್ಲಿ ಬರುತ್ತಿತ್ತು. ಅಜ್ಜ ಗಟ್ಟಿಯಾಗಿ ಓದುತ್ತಿದ್ದರು. ಮೊದಲ ಸಲ ಕೌನ್ಸಿಲಿನ ಚುನಾವಣೆಗೆ ನಿಂತು ಸೋತರು. ನಡೆದೇ ಊರೂರು ತಿರುಗಿ ಎರಡನೆಯ ಸಲ ಗೆದ್ದರು. ಸದಸ್ಯರಾದರು. ಅಲ್ಲಿ ಎದುರು ಪಕ್ಷದವರು ಇವರನ್ನು ಅರ್ಧ ವಕೀಲ ಎಂದು ಹಂಗಿಸುತ್ತಿದ್ದರು. 'ಜನರಿಗೆ ಅದೇ ಅನುಕೂಲ. ಪೂರ್ತಿ ವಕೀಲರು ಪೂರ್ತಿ ಫೀ ಕೇಳುತ್ತಾರೆ, ನನಗೆ ಒಂದು ಕೋಳಿ ಕೊಟ್ಟರೆ ಸಾಕು' ಎಂದು ಬರೆದಿದ್ದರು. ಅಜ್ಜ ಬಿದ್ದು ಬಿದ್ದು ನಕ್ಕರು. ನಾನು ತಟ್ಟೆಯ ಅನ್ನವನ್ನು ಹಾಗೆಯೇ ಮುಚ್ಚಿಟ್ಟೆ.

ಕೆಲವು ವರ್ಷಗಳಲ್ಲಿ ಅವರೇ ಕೌನ್ಸಿಲಿನ ಮುಖ್ಯಸ್ಥರಾದರು. ಮುಖ್ಯಸ್ಥರಾದ ಮೇಲೂ ಕಚೇರಿಯ ಜಗಲಿಯಲ್ಲಿ ಕುಕ್ಕುರು ಕೂತು ಅಹವಾಲು ಕೇಳುತ್ತಾರೆಂದು, ಸೂಟು ಹಾಕಿದ ಅಧಿಕಾರಿಗಳೂ ಕೂರಬೇಕಾಗಿ ಬಂದು ಅವರ ಮೊಣಕಾಲು ನೋಯುತ್ತವೆಂದು ಬರೆದಿದ್ದರು. ಅವರ ಗುಡ್ಡದ ನ್ಯಾಯಪಂಚಾಯತಿಯಲ್ಲಿ ಹೆಂಗಸು ತಾನೇ ಮಾತಾಡುವಂತಿರಲಿಲ್ಲ, ಅಣ್ಣನೋ ಮಾವನೋ ಅವಳ ಪರವಾಗಿ ಹೇಳಬೇಕಿತ್ತು. ಅದನ್ನು ಬದಲಿಸಲು ಅವರು ಎರಡು ವರ್ಷ ಹಿರಿಯರ ಜೊತೆ ಗುದ್ದಾಡಿದರು. ಕೊನೆಗೆ ಹೆಂಗಸರು ತಾವೇ ನಿಂತು ಹೇಳಬಹುದು ಎಂದಾಯಿತು. ಮೊದಲ ದಿನ ಬಂದ ಹೆಂಗಸು ಬಾಯಿ ತೆರೆಯದೆ ಬಹಳ ಹೊತ್ತು ನಿಂತಳಂತೆ. 'ಯಾರೂ ಅವಸರ ಮಾಡಬೇಡಿ ಎಂದೆ. ಕಾದೆವು. ಹೇಳಿದಳು' ಎಂದು ಬರೆದಿದ್ದರು. ಅಜ್ಜ ಆ ಸಾಲು ಓದುವಾಗ ನಾನು ಅಲ್ಲಿಂದ ಎದ್ದು ಹೋದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಮ್ಮೆ ಅವರೇ ಬಂದರು. ಗುಡ್ಡದ ಶುಂಠಿಯನ್ನು ದಲಾಲರ ಕೈಗೆ ಕೊಡದೆ ನೇರ ಮಾರ್ಕೆಟ್ ಯಾರ್ಡಿಗೆ ತರಬಹುದೇ ಎಂದು ನೋಡಲು ಬಂದಿದ್ದರು. ನಾವು ಆಗಲೇ ಈ ಫ್ಲ್ಯಾಟಿಗೆ ಬಂದಿದ್ದೆವು. ಬಾಗಿಲು ತೆರೆದ ಕೂಡಲೇ, "ವೈನಿ, ಮುದಕಿ ಎಲ್ಲಿ?" ಎಂದರು. ಮುತ್ತಜ್ಜಿ ಹೋಗಿ ವರ್ಷವಾಗಿತ್ತು. ಚಪ್ಪಲಿ ಬಿಡುತ್ತಿದ್ದವರು ಹಾಗೆಯೇ ನಿಂತುಬಿಟ್ಟರು.

ಆ ದಿನ ಅವರನ್ನು ಅಡುಗೆಮನೆಯಲ್ಲೇ ಕೂರಿಸಿ ಬಡಿಸಿದೆ. ಆಗ ಅವರು ಕೌನ್ಸಿಲಿನ ಮುಖ್ಯಸ್ಥರು, ಕೆಳಗೆ ಕಾರು ನಿಂತಿತ್ತು. ಊಟವಾದ ಮೇಲೆ ಮೆಲ್ಲಗೆ ಹೇಳಿದರು: "ವೈನಿ, ಮತ್ತ ಎಲೆಕ್ಷನ್ ಬಂದದ. ಪುಣೇದಾಗ ಜೇಲಿಗೆ ಹೋಗಿ ಬಂದಾಂವ ಅಂತ ಎದುರಿನವರು ಕರಪತ್ರ ಹಂಚ್ಯಾರ. ಕೇಸ್ ಬಿಟ್ಟಿದ್ದು ಯಾರೂ ಹೇಳೂದಿಲ್ಲ. ಆ ಶನಿವಾರ ನಾ ಮನ್ಯಾಗಿದ್ದೆ ಅಂತ ಎರಡ ಸಾಲು ಬರದ ಕೊಡ್ತೀರೇನು?"

ಅಜ್ಜ ನನ್ನ ಕಡೆ ತಿರುಗಿದರು. "ಯಾವ ಶನಿವಾರ? ನಾವು ಶಿರೂರದಾಗ ಇದ್ದಿದ್ದು ಏನು? ಅವತ್ತ ನಿನಗ ಗೊತ್ತಿತ್ತು?"

ಮುತ್ತಜ್ಜಿ ಇರಲಿಲ್ಲ. ಬೈಯುವವರು ಯಾರೂ ಇರಲಿಲ್ಲ. ಆದರೆ ಇಷ್ಟು ವರ್ಷ ಯಾಕೆ ಮುಚ್ಚಿಟ್ಟೆ ಎಂದು ಗಂಡ ಕೇಳಿದರೆ ಏನು ಹೇಳಲಿ? "ನನಗ ನೆನಪಿಲ್ರಿ," ಎಂದೆ.

ಅವರು ತಲೆ ವಾಲಿಸಿ ಕಾದರು. ನಾನು ತಟ್ಟೆ ಎತ್ತಿದೆ. "ಇರ್ಲಿ ಬಿಡ್ರಿ, ಭಾಳ ವರ್ಷ ಆತು," ಎಂದು ಒಂದು ಚೀಟಿಯಲ್ಲಿ ವಿಳಾಸ ಬರೆದಿಟ್ಟರು. "ನೆನಪಾದ್ರ ಬರೀರಿ. ಕನ್ನಡದಾಗ ಬರದ್ರೂ ನಡೀತದ."

ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಹರಿದೆ. ಅವರು ಚುನಾವಣೆ ಸೋತರು. ಆ ಕರಪತ್ರದಿಂದಲೇ ಸೋತರೋ ಇಲ್ಲವೋ ನನಗೆ ತಿಳಿಯದು. ಈ ಸಲ ಜನ ನನಗೆ ವಿಶ್ರಾಂತಿ ಕೊಟ್ಟಿದ್ದಾರೆ ಎಂದಷ್ಟೇ ಬರೆದಿದ್ದರು. ಆಮೇಲೊಮ್ಮೆ ಸದಸ್ಯರಾಗಿ ಆರಿಸಿ ಬಂದರು. ಮುಖ್ಯಸ್ಥರ ಜಾಗಕ್ಕೆ ಮತ್ತೆ ಬರಲಿಲ್ಲ. ಅಜ್ಜ ಇರುವಾಗಲೇ ಅವರ ಕಾಗದಗಳೂ ನಿಂತವು. ಅಜ್ಜನಿಗೆ ನಾನು ಕೊನೆಯವರೆಗೂ ಹೇಳಲಿಲ್ಲ.

ಮಗಳ ಕಾಗದ ಬಂದು ಎಂಟು ದಿನವಾದ ಮೇಲೆ ಮೊದಲು ಅವಳಿಗೆ ಬರೆದೆ. ನಡೆದದ್ದನ್ನೆಲ್ಲ, ಅವಳಪ್ಪನ ಹೆಸರು ಹಾಕಿ, ಕೆಳಗೆ ನನ್ನ ಸಹಿ ಮಾಡಿ. ಅದನ್ನು ಇಂಗ್ಲಿಷಿಗೆ ತಿರುಗಿಸಲು ನಿಮ್ಮ ಅಪ್ಪನಿಗೆ ಕೊಟ್ಟೆ. ಅವನು ನಿಂತುಕೊಂಡೇ ಓದಿದ. ಆಮೇಲೆ ಕೂತ.

"ಅವ್ವಾ, ನನಗ ನೆನಪದ," ಎಂದ. "ಹೇಳಬಾರದ್ದು ಅಂತ ತಿಳಕೊಂಡಿದ್ದೆ. ಅಪ್ಪಗೂ ಹೇಳಲಿಲ್ಲ. ಅವರು ಈ ಮನೀಗೆ ಬಂದಾಗ ನಾ ಕ್ಲಾಸ್ ಅದ ಅಂತ ಹೊರಗ ಹೋದೆ. ಅವರ ಮುಖ ನೋಡಾಕ ಆಗಲಿಲ್ಲ."

ಎಂಟು ವರ್ಷದವನಿಗೆ ನಾನು ಕಲಿಸಿದ ಪಾಠ ಅದು. ಇಷ್ಟು ವರ್ಷ ಅವನೂ ಅದನ್ನು ಹೊತ್ತುಕೊಂಡಿದ್ದ. ನಾನೊಬ್ಬಳೇ ಹೊತ್ತಿದ್ದೇನೆಂದು ತಿಳಿದಿದ್ದೆ.

ಕಾಗದವನ್ನು ಅವನು ಮರುದಿನವೇ ರಿಜಿಸ್ಟರ್ ಮಾಡಿ ಕಳಿಸಿದ. ಉತ್ತರ ಇನ್ನೂ ಬಂದಿಲ್ಲ. ಬರದೆಯೂ ಇರಬಹುದು. ಆ ಹುಡುಗಿಗೆ ಸಿಟ್ಟು ಬಂದಿದ್ದರೆ ನ್ಯಾಯವೇ.

ಈ ಹಾಳೆಗಳನ್ನು ಒದ್ದೆಯಾಗದ ಕಡೆ ಇಡಿ. ರದ್ದಿಯ ಜೊತೆ ಹೋಗದಂತೆ ನೋಡಿಕೊಳ್ಳಿ. ಅಕ್ಷರ ಸೊಟ್ಟಗಿದ್ದರೆ ತಿದ್ದಬೇಡಿ, ಅಜ್ಜಿಯ ಮರ್ಯಾದೆಗಾಗಿ ಯಾವ ಸಾಲನ್ನೂ ಹೊಡೆದುಹಾಕಬೇಡಿ. ನಾನು ಇಲ್ಲದಾಗ ಆ ಗುಡ್ಡದ ಕಡೆಯಿಂದ ಯಾರಾದರೂ ಬಂದು ಕೇಳಿದರೆ, ಒಳಗೆ ಕರೆದು ಕೂರಿಸಿ, ಊಟಕ್ಕೆ ಹಾಕಿ, ಇವನ್ನೇ ಅವರ ಕೈಗೆ ಕೊಡಿ. ಇದರ ಮೇಲೆ ನಿಮಗಿಂತ ಅವರ ಹಕ್ಕು ಹೆಚ್ಚು. ಅವರು ಬರುವವರೆಗೆ ಜೋಪಾನ ಮಾಡಿ.